ಆಡಿಕೊಂಡವರಿಗೊಂದು ಸ್ಟೇಜ್

ಮಾಲಿನಿಯ ಕಾಲು ಕೆಟ್ಟದ್ದು ಓಡಿದ್ದರಿಂದ ಎಂದು ಹೇಳುವವರು ನಮ್ಮ ಡಿಪೋದಲ್ಲಿ ಈಗಲೂ ಇದ್ದಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಓಡಿದ್ದರಿಂದಲೇ ಕಾಲು ಕೆಡುವುದಾದರೆ, ಓಡದೆ ಕೂತ ಇವರೆಲ್ಲರ ಸೊಂಟ ಯಾಕೆ ಹಿಡಿದುಕೊಂಡಿದೆ? ಆ ಕಾಲು ಕೆಟ್ಟಿದ್ದರಲ್ಲಿ ಓಟದ ಪಾಲು ಎಷ್ಟಿತ್ತೋ ಊರವರ ನಾಲಿಗೆಯ ಪಾಲೂ ಅಷ್ಟೇ ಇತ್ತು. ಇದನ್ನು ನಾನು ಬಲ್ಲೆ, ಯಾಕೆಂದರೆ ನಾನು ಅವಳ ಬಸ್ಸಿನ ಡ್ರೈವರ್. ಹೆಸರು ರಾಮಾಂಜಿನಯ್ಯ. ತುಮಕೂರು–ಕುಣಿಗಲ್ ರೂಟಿನಲ್ಲಿ ಬಹಳ ವರ್ಷ ನಾನು ಮುಂದೆ ಸ್ಟೇರಿಂಗ್ ಹಿಡಿದು ಕೂತೆ, ಅವಳು ಹಿಂದೆ ಟಿಕೆಟ್ ಮಿಷನ್ ಹಿಡಿದು ನಿಂತಳು. ಅವಳ ಕಥೆಯಲ್ಲಿ ಅರ್ಧ ನಾನು ಕನ್ನಡಿಯಲ್ಲಿ ನೋಡಿದ್ದು.

ಗುಬ್ಬಿಯ ಹೆಣ್ಣುಮಗಳು ಮಾಲಿನಿ. ಮದುವೆಯಾಗಿ ತುಮಕೂರಿನ ಮರಳೂರಿಗೆ ಬಂದವಳು. ವಯಸ್ಸು ನಲವತ್ತು ದಾಟಿತ್ತು. ಫುಟ್‌ಬೋರ್ಡಿನಲ್ಲಿ ನೇತಾಡುವ ಹುಡುಗರನ್ನು ಒಳಗೆ ಕರೆಸಲು ಅವಳಿಗೆ ವಿಸಿಲ್ ಬೇಕಿರಲಿಲ್ಲ, ಅಪ್ಪನ ಹೆಸರು ಹಿಡಿದು ಒಮ್ಮೆ ಕೂಗಿದರೆ ಸಾಕಿತ್ತು. ಒಂದು ಮಾತು ಬಂದರೆ ಎರಡು ಮಾತು ಹಿಂದಕ್ಕೆ ಕೊಡುವವಳು. ಅದೇ ಹೆಂಗಸು ಸೋಮವಾರ ಬಂತೆಂದರೆ ಮೆತ್ತಗಾಗುತ್ತಿದ್ದಳು. ಮದುವೆಗೆ ಮುಂಚಿನಿಂದಲೂ ಸೋಮವಾರ ಒಪ್ಪತ್ತು. ಬೆಳಗಿನಿಂದ ಏನೂ ತಿನ್ನದೆ ಡ್ಯೂಟಿ ಮುಗಿಸಿ, ಮನೆಗೆ ಹೋಗಿ, ಸ್ನಾನ ಮಾಡಿ, ಲಿಂಗಪೂಜೆ ಆದ ಮೇಲೆಯೇ ಊಟ. ಸೋಮವಾರ ಕುಣಿಗಲ್ ಸ್ಟ್ಯಾಂಡಿನಲ್ಲಿ ನಾನು ತಟ್ಟೆ ಇಡ್ಲಿ ಮುಂದಿಟ್ಟುಕೊಂಡರೆ ಅವಳು ಬಸ್ಸಿನೊಳಗೇ ಕೂತಿರುತ್ತಿದ್ದಳು. ಕಾಫಿಯಾದರೂ ಕುಡಿ ಎಂದು ಕರೆದವರು ಬೈಸಿಕೊಂಡು ವಾಪಸ್ಸು ಬರುತ್ತಿದ್ದರು.

ಓಟ ಶುರುವಾದದ್ದು ಸಿಟ್ಟಿನಿಂದ. ಆರೋಗ್ಯ ತಪಾಸಣೆಯಲ್ಲಿ ಸಕ್ಕರೆ ಗಡಿ ಮುಟ್ಟಿದೆ ಎಂದರು, ವಾಕಿಂಗ್ ಹೋಗು ಎಂದರು. ಮರಳೂರು ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯತೊಡಗಿದಳು. ಒಂದು ದಿನ ಹಿಂದೆ ಬರುತ್ತಿದ್ದ ಗಂಡಸೊಬ್ಬ, "ಅಮ್ಮೋರೇ, ಲೋಡ್ ಗಾಡಿ ಎಡಕ್ಕೆ ತಗೊಳಿ, ದಾರಿ ಬುಡಿ" ಎಂದನಂತೆ. ಇವಳು ದಾರಿ ಬಿಡಲಿಲ್ಲ, ಓಡಿದಳು. ಏರಿಯ ಕೊನೆ ಮುಟ್ಟುವವರೆಗೂ ಅವನನ್ನು ಮುಂದೆ ಹೋಗಲು ಬಿಡಲಿಲ್ಲ. ಆವತ್ತು ಡ್ಯೂಟಿಗೆ ಬಂದಾಗ ಮುಖ ಕೆಂಪಗಿತ್ತು. "ಅಣ್ಣಾ, ಉಸ್ರು ಕಟ್ಟೋಯ್ತು ಕಣಣ್ಣ. ಆದ್ರೆ ಎಷ್ಟ್ ಚೆನ್ನಾಗಿತ್ತು ಗೊತ್ತಾ!" ಎಂದಳು. ಅಷ್ಟು ವರ್ಷದಲ್ಲಿ ಅವಳು ತನಗಾಗಿ ಒಂದು ವಿಷಯವನ್ನು ಚೆನ್ನಾಗಿತ್ತು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಅವಳದೊಂದು ಲೆಕ್ಕ ಶುರುವಾಯಿತು. ನಮ್ಮ ಬಸ್ಸಿನವರಿಗೆ ದೂರವೆಂದರೆ ಸ್ಟೇಜ್. ಟಿಕೆಟ್ಟಿನ ದರ ಬದಲಾಗುವ ಒಂದೊಂದು ತುಂಡು ದಾರಿಗೆ ಒಂದು ಸ್ಟೇಜ್ ಎನ್ನುತ್ತೇವೆ, ಹೆಚ್ಚುಕಡಿಮೆ ಎರಡು ಕಿಲೋಮೀಟರು ಇರುತ್ತದೆ. ಮಾಲಿನಿ ಓಟವನ್ನೂ ಸ್ಟೇಜಿನಲ್ಲೇ ಅಳೆದಳು. ಯಾರಾದರೂ ಆಡಿಕೊಂಡರೆ ಆ ವಾರ ಒಂದು ಸ್ಟೇಜ್ ಜಾಸ್ತಿ. ಎದುರುಮನೆಯವಳು "ಈ ವಯಸ್ಸಲ್ಲಿ ಯಾರನ್ನ ಮೆಚ್ಚಿಸಕ್ಕೆ" ಎಂದಳು, ಒಂದು ಸ್ಟೇಜ್. ಡಿಪೋದಲ್ಲಿ ಮೆಕ್ಯಾನಿಕ್ಕು "ಬಸ್ ಕೆಟ್ರೆ ಮೇಡಮ್ಮೇ ತಳ್ಕೊಂಡು ಓಡ್ತಾರೆ" ಎಂದ, ಇನ್ನೊಂದು. ಟ್ರ್ಯಾಕ್ ಪ್ಯಾಂಟ್ ಹಾಕಿದ್ದಕ್ಕೆ ಅತ್ತೆ ಶಿವರುದ್ರಮ್ಮ ಮುಖ ತಿರುಗಿಸಿದರು. ಮಾತಾಡಿರಲಿಲ್ಲವಾದ್ದರಿಂದ ಅದಕ್ಕೆ ಅರ್ಧ ಸ್ಟೇಜ್. ನಾವೆಲ್ಲ ನಗುತ್ತಿದ್ದೆವು. ಬಾಯಿಗೆ ಬೀಗ ಹಾಕುವವರಿಲ್ಲದ ಊರಿನಲ್ಲಿ ಅವಳ ಓಟ ಬಳ್ಳಿಯಂತೆ ಬೆಳೆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಕುಣಿಗಲ್ ರಸ್ತೆ ಹಿಡಿದು ಗೂಳೂರು ಮುಟ್ಟಿ ವಾಪಸ್ಸು ಬರುತ್ತಿದ್ದಳು. ಸಕ್ಕರೆಯೂ ಇಳಿದಿತ್ತು, ಅದನ್ನೂ ಹೇಳಬೇಕು.

ಆಮೇಲೆ ಸಂಗಮೇಶನ ಗುಂಪು ಸಿಕ್ಕಿತು. ಸಂಗಮೇಶನದು ತುಮಕೂರಿನ ಶಿರಾ ಗೇಟಿನಲ್ಲಿ ಪೇಂಟಿನ ಅಂಗಡಿ. ಭಾನುವಾರ ಬೆಳಿಗ್ಗೆ ಹತ್ತಿಪ್ಪತ್ತು ಜನರನ್ನು ಕಟ್ಟಿಕೊಂಡು ಕೋರ ಎಂಬ ಊರಿನ ಕಡೆಗೆ ಓಡಿಸುವುದು ಅವನ ಹುಚ್ಚು. ಭಾನುವಾರ ತಪ್ಪಿಸಿದವನು ರನ್ನರೇ ಅಲ್ಲ ಎಂಬುದು ಅಲ್ಲಿನ ಧರ್ಮ. ಕೋರದವರೆಗೆ ಓಡಿದವನು ಕಾಲು ಎಳೆದುಕೊಂಡು ಬಂದರೆ ಅವನಿಗೆ ಚಪ್ಪಾಳೆ. ಒಂದು ಭಾನುವಾರ ನಾನು ಹೋಗಿ ನೋಡಿದ್ದೇನೆ. ಅರ್ಧ ಜನರ ಮಂಡಿಗೆ ಪಟ್ಟಿ, ಗಾಳಿಯಲ್ಲೆಲ್ಲ ನೋವಿನ ಮುಲಾಮಿನ ವಾಸನೆ. ಬಾಣಂತಿ ಮನೆಯಲ್ಲೂ ಅಷ್ಟು ಎಣ್ಣೆ ತಿಕ್ಕುವುದಿಲ್ಲ. ವಾರವೆಲ್ಲ ಅಂಗಡಿಯಲ್ಲಿ ಕೂತು ಭಾನುವಾರ ಒಂದೇ ಸಲ ಕುದುರೆಗಳಾಗಲು ಹೊರಟವರು. "ನೋವು ಮೈಯಲ್ಲಿಲ್ಲ, ಮನಸ್ಸಲ್ಲಿದೆ" ಎಂದು ಸಂಗಮೇಶ ಎಲ್ಲರ ಮೊಬೈಲಿಗೂ ಕಳಿಸುತ್ತಿದ್ದ.

ಮಾಲಿನಿಗೆ ಅಲ್ಲಿ ಮರ್ಯಾದೆ ಸಿಕ್ಕಿತು. ಹೆಂಗಸರಲ್ಲಿ ಕೋರದವರೆಗೆ ಹೋಗಿ ಬರುವವಳು ಅವಳೊಬ್ಬಳೇ. ಆದರೆ ಭಾನುವಾರದ ಮಾರನೇ ದಿನ ಸೋಮವಾರ. ಕೋರಕ್ಕೆ ಹೋಗಿ ಬಂದ ಕಾಲು ಸೋಮವಾರ ಖಾಲಿ ಹೊಟ್ಟೆಯಲ್ಲಿ ಬಸ್ಸಿನ ಕುಲುಕಾಟದಲ್ಲಿ ಸಂಜೆಯವರೆಗೆ ನಿಲ್ಲುತ್ತಿತ್ತು. ಗುಂಪಿನಲ್ಲಿ ಯಾರೋ "ಓಡೋರು ಉಪವಾಸ ಮಾಡಕ್ಕಾಗಲ್ಲ, ಎರಡ್ರಲ್ಲಿ ಒಂದು ಡೌಲು" ಎಂದರಂತೆ. ಆ ಕಾರ್ತಿಕ ಮಾಸ ಅವಳು ಸೋಮವಾರ ನೀರನ್ನೂ ಬಿಟ್ಟಳು. ದೀಪ ಹಚ್ಚುವವರೆಗೆ ತೊಟ್ಟು ನೀರಿಲ್ಲ. ಮಂಗಳವಾರ ಬೆಳಿಗ್ಗೆ ಮತ್ತೆ ಗೂಳೂರು.

ಅದೇ ಹೊತ್ತಿಗೆ ಗುಬ್ಬಿಯಲ್ಲೊಂದು ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಅವಳ ಮೈದುನ ಚನ್ನೇಶ, ಗುಬ್ಬಿಯಲ್ಲೇ ಗೊಬ್ಬರದ ಅಂಗಡಿ ಇಟ್ಟಿರುವವನು, ಹೋಳಿಗೆಗೆ ತುಪ್ಪ ಬಡಿಸುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದ.

"ಅತ್ಗೆ ಓಡ್ತಾರೆ ಓಡ್ತಾರೆ ಅಂತಾರೆ, ಕಂಡೋರು ಯಾರೂ ಇಲ್ಲ. ತವರಿಂದ ಗಂಡನ ಮನೆಗೆ ಓಡಿ ನೋಡನ. ಗುಬ್ಬಿಯಿಂದ ತುಮಕೂರಿಗೆ! ಆಮೇಲೆ ಒಪ್ಕತೀವಿ."

ಪಂಕ್ತಿಯೆಲ್ಲ ನಕ್ಕಿತು. ಮಾಲಿನಿ ಎಲೆಯಿಂದ ಕೈ ತೆಗೆದು, "ಓಡ್ತೀನಿ ಕಣೋ. ಒಂದೇ ಉಸ್ರಲ್ಲಿ, ನಿನ್ ಎದ್ರಿಗೇ ಓಡ್ತೀನಿ" ಎಂದಳು. ತವರಿನವರು, ಅತ್ತೆ ಮನೆಯವರು, ಅಡುಗೆಯವರು ಎಲ್ಲರೂ ಕೇಳಿಸಿಕೊಂಡರು. ಸಂಗಮೇಶನ ಗುಂಪು ಡಿಸೆಂಬರಿನಲ್ಲಿ ಅದೇ ದಾರಿಯಲ್ಲಿ ಓಟ ಇಟ್ಟುಕೊಂಡಿತ್ತು. ಅಲ್ಲೇ ಓಡುತ್ತೇನೆ ಎಂದು ಹೆಸರು ಕೊಟ್ಟಳು.

ಕಾರ್ತಿಕ ಮುಗಿಯುವ ಮೊದಲೇ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗೆ ಒಳಮಗ್ಗುಲಲ್ಲಿ, ನೋವು ಕಾಣಿಸಿಕೊಂಡಿತು. ಮೊದಮೊದಲು ಓಡುವಾಗ ಇದ್ದು ಆಮೇಲೆ ಹೋಗುತ್ತಿತ್ತು. ಆಮೇಲೆ ಹೋಗುವುದನ್ನು ಬಿಟ್ಟಿತು. ಹೆಬ್ಬೂರಿನ ಹತ್ತಿರ ರಸ್ತೆ ಉಬ್ಬು ದಾಟುವಾಗ ಕನ್ನಡಿಯಲ್ಲಿ ನೋಡುತ್ತಿದ್ದೆ, ಅವಳು ಎಡಗಾಲನ್ನು ನೆಲದಿಂದ ಎತ್ತಿ ಕಂಬಿಗೆ ಜೋತುಬೀಳುತ್ತಿದ್ದಳು. ಕೇಳಿದರೆ, "ಸೇವೆ ಅಂದ್ಮೇಲೆ ನೋವಿರಲ್ವಾ? ನೀನು ರೋಡ್ ನೋಡ್ಕೊಂಡ್ ಓಡ್ಸು" ಎಂದಳು. ಯಾವ ಸೇವೆಯೋ, ಯಾರಿಗೋ! ನಾನು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಬೈದೆ. ಪ್ಯಾಸೆಂಜರುಗಳೆಲ್ಲ ನನ್ನ ಪರ ವಹಿಸಿದರು. ಅದಕ್ಕೂ ಒಂದು ಸ್ಟೇಜ್ ಕೂಡಿಸಿಕೊಂಡಳೋ ಏನೋ, ಆ ಭಾನುವಾರ ಕೋರದಿಂದ ಆಟೋದಲ್ಲಿ ವಾಪಸ್ಸು ಬಂದಳು.

ಗಂಡ ಒಬ್ಬ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಎಕ್ಸ್‌ರೇ ನೋಡಿದರು, ಅದರಲ್ಲಿ ಏನೂ ಕಾಣಲಿಲ್ಲ. ನೋವಿನ ಮಾತ್ರೆ ಬರೆದು, "ಈ ವಯಸ್ಸಲ್ಲಿ ಓಟ ಎಲ್ಲ ಯಾಕಮ್ಮ? ಬಿಟ್ಟುಬಿಡಿ" ಎಂದರಂತೆ. ಎರಡೇ ನಿಮಿಷದಲ್ಲಿ ಒಂದು ಜೀವದ ಖುಷಿಗೆ ಚಕ್ಕೆಂದು ಬ್ರೇಕ್ ಹಾಕುವುದು ಎಷ್ಟು ಸುಲಭ. ಮಾಲಿನಿ ಮನೆಗೆ ಬಂದು ಅತ್ತಳು. ಮಾರನೇ ದಿನ ನಾನೇ ಅವಳನ್ನು ಶಿರಾ ಗೇಟಿನ ಪಲ್ಲವಿಯ ಹತ್ತಿರ ಕರೆದುಕೊಂಡು ಹೋದೆ. ಪಲ್ಲವಿ ಫಿಸಿಯೋಥೆರಪಿ ಓದಿಕೊಂಡ ಹುಡುಗಿ, ನನ್ನ ಸೊಂಟವನ್ನು ರಿಪೇರಿ ಮಾಡಿದವಳು. ಸುಮ್ಮನೆ ಒತ್ತಿ ಕಳಿಸುವವಳಲ್ಲ, ಪ್ರಶ್ನೆ ಕೇಳಿ ಕೇಳಿ ಪ್ರಾಣ ತೆಗೆಯುತ್ತಾಳೆ.

ಆಕೆ ಕಾಲಿನ ಮೂಳೆಯ ಮೇಲೆ ಒಂದು ಬೆರಳಿಟ್ಟು ಒತ್ತಿಕೊಂಡು ಬಂದಳು. ಒಂದು ಜಾಗ ಮುಟ್ಟಿದಾಗ ಮಾಲಿನಿ ಹಾಸಿಗೆ ಬಿಟ್ಟು ಮೇಲೆದ್ದಳು.

"ಅಕ್ಕ, ಈ ವಾರ ಎಷ್ಟು ಓಡ್ಬೇಕು ಅಂತ ಯಾರು ಡಿಸೈಡ್ ಮಾಡ್ತಾರೆ?"

ಮಾಲಿನಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಬೈದೋರು."

ಪಲ್ಲವಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ನಗು ತಡೆಯಲಾರದೆ ಮುಖ ಮುಚ್ಚಿಕೊಂಡಳು. ಆಮೇಲೆ ಸೋಮವಾರದ ವಿಷಯ ಬಂದಾಗ ಆ ನಗು ಹೋಯಿತು. ಸ್ಕ್ಯಾನ್ ಮಾಡಿಸಿ ಎಂದಳು. ಸ್ಕ್ಯಾನಿನಲ್ಲಿ ಮೂಳೆಗೆ ಕೂದಲೆಳೆಯಷ್ಟು ಬಿರುಕು ಕಂಡಿತು.

"ಓಡಿದ್ದು ತಪ್ಪಲ್ಲ ಅಕ್ಕ," ಎಂದಳು ರಿಪೋರ್ಟ್ ಹಿಡಿದ ಪಲ್ಲವಿ. "ನಿಮ್ಮ ಉಸಿರು ಬೇಗ ಕಲ್ತ್‌ಬಿಡ್ತು. ಮೂಳೆ ನಿಧಾನಕ್ಕೆ ಕಲಿಯುತ್ತೆ. ಅದು ಪಾಠ ಒಪ್ಪಿಸೋಕೆ ಮುಂಚೆನೇ ನೀವು ಮುಂದಿನ ಪಾಠ ಹಾಕ್ತಾ ಹೋಗಿದೀರ. ಭಾನುವಾರ ಸವೆದದ್ದನ್ನ ಅದು ಸೋಮವಾರ ಕಟ್ಕೋಬೇಕು. ಸೋಮವಾರ ನೀವು ಅದಕ್ಕೆ ಅನ್ನ ಹಾಕಲ್ಲ, ನೀರೂ ಕೊಡಲ್ಲ. ಕೆಲವು ತಿಂಗಳು ಓಟ ಪೂರ್ತಿ ನಿಲ್ಲಿಸಿ. ಆಮೇಲೆ ಸ್ವಲ್ಪಸ್ವಲ್ಪ ಶುರು ಮಾಡೋಣ. ಒಂದು ಬೆರಳಲ್ಲಿ ತೋರಿಸೋಕಾಗೋ ನೋವು ಬಂತಾ, ಅಲ್ಲೇ ನಿಲ್ಲಿಸ್ಬೇಕು. ಮತ್ತೆ ಈ ಸೋಮವಾರದ ಉಪವಾಸ ಬಿಟ್ಬಿಡಿ."

ಮಾಲಿನಿ ಎದ್ದು ನಿಂತಳು. ಕಣ್ಣು ಕೆಂಡವಾಗಿತ್ತು. "ಅವ್ರು ಓಟ ಬಿಡು ಅಂತಾರೆ, ನೀವು ಸೋಮವಾರ ಬಿಡು ಅಂತೀರ. ಮನೆದು ಅಲ್ದೆ, ಡ್ಯೂಟಿದು ಅಲ್ದೆ, ನಂದು ಅಂತ ಇರೋದೇ ಇವೆರಡು. ಯಾವುದನ್ನೂ ಬುಡಲ್ಲ." ಕುಂಟುತ್ತಾ ಮೆಟ್ಟಿಲಿಳಿದು ಹೋದಳು.

ನಾನು ಹಿಂದೆ ಹೋದೆ. ಶಿರಾ ಗೇಟಿನ ಆ ಗದ್ದಲದಲ್ಲಿ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಎದುರಿಗೇ ಸಂಗಮೇಶನ ಪೇಂಟಿನ ಅಂಗಡಿಯ ಬೋರ್ಡು. ಅದನ್ನೇ ನೋಡುತ್ತಾ ಕಾಲು ನೀವಿಕೊಂಡಳು. ಆಮೇಲೆ ತಟ್ಟನೆ ಕೇಳಿದಳು.

"ಅಣ್ಣಾ, ಸೋಮವಾರ ಶಿವಂದು. ಭಾನುವಾರ ಯಾರ್ದು?"

"ಯಾರ್ದು?"

"ಸಂಗಮೇಶಂದು! ಅವ್ನೇನ್ ದೇವ್ರಾ? ಅವ್ನ ವಾರ ಬುಟ್ರಾಯ್ತು."

ಮತ್ತೆ ಮೆಟ್ಟಿಲು ಹತ್ತಿ ಪಲ್ಲವಿಗೆ ಅದನ್ನೇ ಹೇಳಿದಳು. ಪಲ್ಲವಿ ವಾರದ ದಿನಗಳನ್ನು ಬೆರಳಲ್ಲಿ ಎಣಿಸಿ ಒಪ್ಪಿದಳು. ಕಾಲು ಸರಿಯಾದ ಮೇಲೆ ಉದ್ದದ ಓಟ ಗುರುವಾರಕ್ಕೆ, ಅದರ ಹಿಂದೆ ಮುಂದೆ ಹೊಟ್ಟೆ ತುಂಬ ಊಟ. ಭಾನುವಾರವೂ ಸೋಮವಾರವೂ ಕಾಲಿಗೆ ರಜೆ. ಆದರೆ ಸೋಮವಾರ ನೀರು ಕುಡಿಯಲೇಬೇಕು, ಹಾಲು ಹಣ್ಣು ತಗೊಳ್ಳಲೇಬೇಕು ಎಂದು ಹಟ ಹಿಡಿದಳು. ಅದೊಂದಕ್ಕೆ ಮಾಲಿನಿ ಒಪ್ಪಲಿಲ್ಲ. ಅದನ್ನು ಬಗೆಹರಿಸಿದ್ದು ಶಿವರುದ್ರಮ್ಮ. "ನಮ್ಮ ಮನೇಲಿ ಒಪ್ಪತ್ತು ಅಂದ್ರೆ ಅನ್ನ ಒಂದ್ಸಲ ಅಂತ. ಹಾಲು ಹಣ್ಣು ಯಾವತ್ತೂ ಬೇಡ ಅಂದಿಲ್ಲ. ನೀರು ಬುಟ್ಟಿದ್ದು ಭಕ್ತಿಗಲ್ಲ ಕಣೇ, ಜಿದ್ದಿಗೆ. ಶಿವನ ಹೆಸ್ರಲ್ಲಿ ಯಾರ್ ಮೇಲೋ ಹಲ್ಲು ಕಡೀಬೇಡ." ಸೊಸೆ ಎರಡು ದಿನ ಅತ್ತೆಯ ಜೊತೆ ಮಾತು ಬಿಟ್ಟಳು. ಮುಂದಿನ ಸೋಮವಾರ ಬಸ್ಸಿನಲ್ಲಿ, ನನ್ನ ಕಡೆ ಬೆನ್ನು ಮಾಡಿ, ಬಾಳೆಹಣ್ಣು ತಿಂದಳು.

ಡಿಸೆಂಬರಿನ ಓಟಕ್ಕೆ ಅವಳು ಹೋಗಲಿಲ್ಲ. ಅದು ಸುಲಭವಾಗಿತ್ತು ಎಂದು ಯಾರೂ ತಿಳಿಯಬೇಡಿ. ಸಂಗಮೇಶ ಅಂಗಡಿಯಿಂದ ಇಳಿದು ಬಂದು, "ಮನಸ್ಸು ಗಟ್ಟಿ ಇದ್ರೆ ಬಿರುಕು ಗಿರುಕು ಎಲ್ಲ ಮಾಯ ಆಗತ್ತೆ ಮೇಡಂ" ಎಂದ. ಇವಳು, "ನಿಮ್ ಗೋಡೆ ಬಿರುಕಿಗೆ ಪುಟ್ಟಿ ಹಚ್ತೀರೋ, ಮನಸ್ಸು ಗಟ್ಟಿ ಮಾಡ್ಕಂತೀರೋ?" ಎಂದು ಕೇಳಿದಳು. ಅವನು ಗುಂಪಿನಿಂದ ಅವಳ ಹೆಸರು ತೆಗೆದ. ಗುಬ್ಬಿಯಲ್ಲಿ ಚನ್ನೇಶ ಸಿಕ್ಕಸಿಕ್ಕವರಿಗೆಲ್ಲ "ಅತ್ಗೆ ಕಾಲು ನೆಪ" ಎಂದು ಹೇಳಿಕೊಂಡು ತಿರುಗಿದ. ಗಂಡನಂತೂ "ಹೇಳಿದ್ದೆ" ಎಂಬ ಒಂದೇ ಮಾತನ್ನು ಊಟಕ್ಕೆ ಉಪ್ಪಿನಕಾಯಿಯಂತೆ ದಿನವೂ ಬಡಿಸಿದ. ಓಡಿ ತೋರಿಸುವುದು ಅವಳಿಗೆ ಗೊತ್ತಿತ್ತು. ಸುಮ್ಮನೆ ಕೂತು ಕೇಳಿಸಿಕೊಳ್ಳುವುದು ಗೊತ್ತಿರಲಿಲ್ಲ. ಆ ಚಳಿಗಾಲದಲ್ಲಿ ಅವಳು ಎಷ್ಟು ಸಲ ಹಲ್ಲು ಕಚ್ಚಿ ಕೂತಳೋ, ಅಷ್ಟು ದೊಡ್ಡ ಓಟವನ್ನು ಯಾವ ಗಂಡಸೂ ಓಡಿರಲಾರ ಎಂದು ನಾನು ಆಣೆ ಮಾಡಿ ಹೇಳುತ್ತೇನೆ.

ಬೇಸಿಗೆಯ ಹೊತ್ತಿಗೆ ಮತ್ತೆ ಶುರುವಾಯಿತು. ಒಂದು ಲೈಟ್ ಕಂಬದಿಂದ ಇನ್ನೊಂದು ಕಂಬದವರೆಗೆ ಓಟ, ಅಲ್ಲಿಂದ ಮುಂದಿನ ಕಂಬದವರೆಗೆ ನಡಿಗೆ. ಏರಿಯ ಮೇಲೆ ಹಲ್ಲುಜ್ಜುತ್ತಾ ನಿಂತವರು, "ಏನಮ್ಮ, ಕರೆಂಟ್ ಆಫೀಸಿಗೆ ಸೇರ್ಕೊಂಡ್ಯಾ?" ಎಂದರು. ಅವಳು ಮುಂದಿನ ಕಂಬದ ಹತ್ತಿರ ಓಟ ನಿಲ್ಲಿಸಿ ನಡೆದಳು. ಆವತ್ತಿನ ಪಾಲಿನಷ್ಟೇ ಓಡಿ ಮನೆಗೆ ಹೋದಳು. ವಾರದ ರಜೆಯನ್ನು ಭಾನುವಾರದಿಂದ ಗುರುವಾರಕ್ಕೆ ಬದಲಾಯಿಸಿಕೊಂಡಳು. ಡಿಪೋದಲ್ಲಿ ಭಾನುವಾರಕ್ಕಾಗಿ ಕಿತ್ತಾಡುವವರು ಬೇಕಾದಷ್ಟಿದ್ದರು.

ಆದರೂ ಪಂಕ್ತಿಯಲ್ಲಿ ಕೊಟ್ಟ ಮಾತು ಅವಳನ್ನು ಬಿಟ್ಟಿರಲಿಲ್ಲ. ಶ್ರಾವಣದ ಒಂದು ಗುರುವಾರ, ಪಲ್ಲವಿಯನ್ನು ಕೇಳಿಕೊಂಡೇ, ಗುಬ್ಬಿಯಿಂದ ಹೊರಟಳು. ಹಿಂದಿನ ದಿನ ಚನ್ನೇಶನಿಗೆ ತಾನೇ ಫೋನ್ ಮಾಡಿ, "ಎದ್ರಿಗೇ ಓಡ್ತೀನಿ ಅಂದಿದ್ನಲ್ಲ, ಬಾ" ಎಂದಿದ್ದಳು. ಆ ತಿಂಗಳು ನನ್ನನ್ನು ಗುಬ್ಬಿ ರೂಟಿಗೆ ಹಾಕಿದ್ದರು. ಬೆಳಗಿನ ಟ್ರಿಪ್ಪಿನಲ್ಲಿ ಗುಬ್ಬಿಯ ಹೊರಗೆ ಅವಳು ಎದುರಾದಳು. ನಿಧಾನಕ್ಕೆ, ಭುಜ ಸಡಿಲ ಬಿಟ್ಟು ಓಡುತ್ತಿದ್ದಳು. ಹಿಂದೆ ಬೈಕಿನಲ್ಲಿ ಚನ್ನೇಶ, ಒಂದು ಕೈಯಲ್ಲಿ ಮೊಬೈಲ್. ನಾನು ಹಾರ್ನ್ ಹೊಡೆದೆ, ಅವಳು ಕೈ ಎತ್ತಿದಳು. ಗುಬ್ಬಿ ಸ್ಟ್ಯಾಂಡಿನಲ್ಲಿ ವಾಪಸ್ ಟ್ರಿಪ್ಪಿಗೆ ಒಂದೂವರೆ ಗಂಟೆ ಕಾಯುತ್ತಾ ಟೀ ಕುಡಿಯುವಾಗಲೂ ನನ್ನ ಮನಸ್ಸು ರಸ್ತೆಯಲ್ಲೇ ಇತ್ತು. ವಾಪಸ್ಸು ಬರುವಾಗ ಮಲ್ಲಸಂದ್ರದಲ್ಲಿ ಕಾಣಲಿಲ್ಲ, ದಾಟಿಬಿಟ್ಟಿದ್ದಳು. ಭಲೆ ಎಂದುಕೊಂಡೆ.

ಹೆಗ್ಗೆರೆಯ ಸ್ಟಾಪಿನಲ್ಲಿ ಅವಳು ನಿಂತಿದ್ದಳು. ಎಡಗಾಲನ್ನು ಕಲ್ಲಿನ ಮೇಲಿಟ್ಟು, ಬಗ್ಗಿ, ಒಂದು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಆ ಹಳೆಯ ಜಾಗ ಮಾತಾಡಿತ್ತು. ಎದ್ದು ಬಸ್ಸಿಗೆ ಕೈ ಅಡ್ಡ ಹಾಕಿದಳು.

ಪ್ಯಾಸೆಂಜರುಗಳಿಗೆ ನನ್ನ ಬಾಯಿಂದಲೇ ಸಂಗತಿ ಗೊತ್ತಾಗಿ ಹೋಗಿತ್ತು. "ಅಯ್ಯೋ, ಇನ್ನೇನ್ ತುಮಕೂರಿನ ಗುಬ್ಬಿ ಗೇಟು ಬಂದೇಬುಡ್ತು, ಹಂಗೇ ಹೋಗ್ಬುಡವ್ವ!" ಎಂದು ಕಿಟಕಿಯಿಂದ ಒಬ್ಬ ಮುದುಕಿ ಕೂಗಿದಳು. ನನ್ನ ನಾಲಿಗೆಗೂ ಅದೇ ಬಂದಿತ್ತು, ನುಂಗಿಕೊಂಡೆ. ಇನ್ನು ಎರಡೋ ಮೂರೋ ಸ್ಟೇಜ್ ಇದ್ದಿರಬೇಕು. ಬೇಕಿದ್ದರೆ ಓಡಿಬಿಡುತ್ತಿದ್ದಳು. ಹೋದ ವರ್ಷದ ಮಾಲಿನಿಯಾಗಿದ್ದರೆ ಕಾಲು ಕೈಗೆ ಬಂದರೂ ಓಡುತ್ತಿದ್ದಳು, ಮತ್ತು ಅದೇ ಅವಳ ಕೊನೆಯ ಓಟವಾಗುತ್ತಿತ್ತು.

ಅವಳು ಫುಟ್‌ಬೋರ್ಡ್ ಹತ್ತಿದಳು. ಚನ್ನೇಶ ಬೈಕನ್ನು ಬಸ್ಸಿನ ಬಾಗಿಲಿಗೇ ತಂದು ನಿಲ್ಲಿಸಿದ, ಮೊಬೈಲು ಎತ್ತಿ ಹಿಡಿದೇ ಇದ್ದ. "ಏನತ್ಗೆ, ಸೋತ್ರಾ?"

ಮಾಲಿನಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಹೂಂ ಕಣೋ, ಸೋತೆ. ಸರಿಯಾಗ್ ತೆಗಿ, ಅಳ್ತಿರೋದೂ ಬರ್ಲಿ. ಊರಿಗೆಲ್ಲ ಹಾಕು. ಕೆಳಗೆ ಇನ್ನೊಂದ್ ಮಾತು ಬರಿ. ಕಾಲು ಸರಿ ಹೋದ್ಮೇಲೆ ಇವ್ಳು ಮತ್ತೆ ಓಡ್ತಾಳೆ, ಮುಂದಿನ ವರ್ಷಾನೂ ಓಡ್ತಾಳೆ, ಮುದುಕಿ ಆದ್ರೂ ಓಡ್ತಾಳೆ ಅಂತ. ಬರ್ದ್ಯಾ? ಓದು, ಕೇಳ್ತೀನಿ."

ಚನ್ನೇಶ ಮೊಬೈಲು ಕೆಳಗಿಳಿಸಿ ಜೇಬಿಗೆ ಹಾಕಿಕೊಂಡ. ಅವಳು ನನ್ನ ಕಡೆ ತಿರುಗಿ, "ರೈಟ್, ಹೊರಡಣ್ಣ" ಎಂದಳು.